ಗಿಲಾವು ಮಾಡದ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಇಂಗ್ಲೆಂಡಿನ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಎರಡಕ್ಕೂ ಒಂದೇ ವರ್ಷದಲ್ಲಿ ಕೈ ಹಾಕಿದ. 1859ರ ಏಪ್ರಿಲ್‌ನಲ್ಲಿ ಆಕ್ಸ್‌ಫರ್ಡ್‌ನಲ್ಲಿ ಜೇನ್ ಬರ್ಡನ್ ಜೊತೆ ಮದುವೆಯಾಯಿತು. ಅದೇ ವರ್ಷ ಲಂಡನ್ನಿನಿಂದ ಸುಮಾರು 10 ಮೈಲಿ ದೂರದಲ್ಲಿ, ಕೆಂಟ್ ಸೀಮೆಯ ಅಪ್ಟನ್ ಎಂಬ ಪುಟ್ಟ ಊರಿನ ಸೇಬಿನ ತೋಟದಲ್ಲಿ ಮನೆಗೆ ಪಾಯ ತೋಡಿಸಿದ. ಮನೆ ಕಟ್ಟಿಸುವವನಿಗೆ ಆಗ 25 ವರ್ಷ. ನಕ್ಷೆ ಬರೆದ ಗೆಳೆಯ ಫಿಲಿಪ್ ವೆಬ್‌ಗೆ 28. ಸ್ವಂತವಾಗಿ ಕೆಲಸ ಶುರು ಮಾಡಿದ ವೆಬ್‌ಗೆ ಇದೇ ಮೊದಲ ಮನೆ. 1860ರ ಬೇಸಿಗೆಯಲ್ಲಿ ಗಂಡ ಹೆಂಡತಿ ಅಲ್ಲಿಗೆ ಬಂದರು. ಗೋಡೆಯ ಬಣ್ಣದಿಂದಲೇ ಅದಕ್ಕೆ ರೆಡ್ ಹೌಸ್ ಅಂತ ಹೆಸರು.

ಈಗ ಆ ಜಾಗ ಬೆಕ್ಸ್ಲಿಹೀತ್ ಎಂಬ ಲಂಡನ್ ಹೊರವಲಯದ ಒಳಗೆ ಸೇರಿಹೋಗಿದೆ. ರೈಲಿಳಿದು ನಡೆದರೆ ದಾರಿಯುದ್ದಕ್ಕೂ ಒಂದಕ್ಕೊಂದು ಅಂಟಿಕೊಂಡ ಜೋಡಿ ಮನೆಗಳು. ಕಾರುಗಳು, ಕಸದ ಡಬ್ಬಿಗಳು, ಯಾವುದೇ ಸಾಧಾರಣ ಬಡಾವಣೆಯ ಹಾಗೆ. ಅದರ ಮಧ್ಯೆ ಒಂದು ಎತ್ತರದ ಇಟ್ಟಿಗೆ ಕಾಂಪೌಂಡು. ಅದರೊಳಗೆ ಹಳೇ ಮರಗಳ ಹಿಂದೆ ಈ ಮನೆ ನಿಂತಿದೆ. ಗೇಟು ದಾಟಿ ಒಳಗೆ ಕಾಲಿಟ್ಟಾಗ ಮೊದಲು ಕಣ್ಣಿಗೆ ಬೀಳುವುದು ಬರೀ ಇಟ್ಟಿಗೆ. ಗೋಡೆ ಇಟ್ಟಿಗೆ, ಕಿಟಕಿಯ ಕಮಾನು ಇಟ್ಟಿಗೆ, ಎತ್ತರದ ಹೊಗೆಗೂಡು ಇಟ್ಟಿಗೆ. ಮೇಲೆ ಕಡಿದಾದ ಇಳಿಜಾರಿನ ಕೆಂಪು ಹೆಂಚು. ಕಂಬಗಳ ಸಾಲಿಲ್ಲ, ಕೆತ್ತಿದ ಕಲ್ಲಿನ ಅಲಂಕಾರ ಇಲ್ಲ, ಗಾರೆಯ ಬಳ್ಳಿ ಹೂವುಗಳಿಲ್ಲ. ಸುಮ್ನೆ ಇಟ್ಟಿಗೆ ಮೇಲೆ ಇಟ್ಟಿಗೆ.

ನಮ್ಮೂರ ಕಡೆ ಗಿಲಾವು ಮಾಡದ ಗೋಡೆ ಅಂದರೆ ದುಡ್ಡು ಸಾಲದೆ ಅರ್ಧಕ್ಕೆ ನಿಂತ ಮನೆ ಅಂತಲೇ ಲೆಕ್ಕ. ಮಗಳ ಮದುವೆ ಆದಮೇಲೆ ಮಾಡಿಸೋಣ, ಮುಂದಿನ ಫಸಲು ಬರಲಿ ಅಂತ ಮುಂದೂಡಿದ ಮನೆಗಳು ಪ್ರತಿ ಬೀದಿಯಲ್ಲೂ ಇರುತ್ತವೆ. ಆ ಮನೆಯವರಿಗೆ ಅದೊಂದು ಸಂಕೋಚ. ನೆಂಟರು ಬಂದಾಗ 'ಇನ್ನೂ ಗಿಲಾವು ಆಗಿಲ್ಲ' ಅಂತ ತಾವೇ ಮೊದಲು ಹೇಳಿಬಿಡುತ್ತಾರೆ. ಹಾಗೆ ಬೆಳೆದ ಕಣ್ಣಿಗೆ ರೆಡ್ ಹೌಸ್ ವಿಚಿತ್ರವಾಗಿ ಕಾಣುತ್ತದೆ. ದುಡ್ಡಿದ್ದವನು ಬೇಕಂತಲೇ ಗೋಡೆಯನ್ನು ಹಾಗೇ ಬಿಟ್ಟಿದ್ದಾನೆ.

ಆ ಕಾಲದ ಇಂಗ್ಲೆಂಡಿನವರ ಕಣ್ಣಿಗೂ ಅದು ಹೆಚ್ಚುಕಮ್ಮಿ ಹೀಗೇ ಕಂಡಿರಬೇಕು. ಅನುಕೂಲಸ್ಥರ ಮನೆ ಅಂದರೆ ಒಂದೋ ಕಲ್ಲಿನದ್ದು, ಇಲ್ಲದಿದ್ದರೆ ಕಲ್ಲಿನ ಹಾಗೆ ಕಾಣಬೇಕು. 1820ರ ದಶಕದಲ್ಲಿ ಜಾನ್ ನ್ಯಾಶ್ ಎಂಬ ವಾಸ್ತುಶಿಲ್ಪಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಸುತ್ತ ಕಟ್ಟಿಸಿದ ಬಿಳೀ ಮನೆಸಾಲುಗಳು ಇವತ್ತಿಗೂ ಇವೆ. ದೂರದಿಂದ ನೋಡಿದರೆ ಅರಮನೆ. ಅವುಗಳ ಒಳಗಿರುವುದು ಇಟ್ಟಿಗೆ. ಮೇಲೆ ನುಣ್ಣನೆ ಗಾರೆ ಬಳಿದು, ಅದರಲ್ಲಿ ಗೆರೆ ಎಳೆದು, ದೊಡ್ಡ ದೊಡ್ಡ ಕಲ್ಲು ಜೋಡಿಸಿದ ಹಾಗೆ ತೋರಿಸುವುದು ಆಗಿನ ರೂಢಿ. ಬರೀ ಕೆಂಪಿಟ್ಟಿಗೆ ಬಿಟ್ಟರೆ ಅದು ಕುದುರೆ ಲಾಯ, ಗೋದಾಮು, ತೋಟದ ಗೋಡೆ ಎಂಬ ಭಾವನೆ.

ಇಟ್ಟಿಗೆಗೆ ಇನ್ನೊಂದು ಕಾಟವೂ ಇತ್ತು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಖಾಲಿಯಾದ ಖಜಾನೆ ತುಂಬಲು ಬ್ರಿಟಿಷ್ ಸರ್ಕಾರ 1784ರಲ್ಲಿ ಇಟ್ಟಿಗೆ ಮೇಲೆ ತೆರಿಗೆ ಹಾಕಿತು. ಸಾವಿರ ಇಟ್ಟಿಗೆಗೆ ಇಷ್ಟು ಅಂತ ಲೆಕ್ಕ. ಜನ ಸುಮ್ಮನಿರುತ್ತಾರಾ? ಎಣಿಕೆ ಮೇಲೆ ತೆರಿಗೆ ತಾನೆ ಅಂತ ಗೂಡಿನವರು ಇಟ್ಟಿಗೆಯನ್ನೇ ದೊಡ್ಡದು ಮಾಡಿದರು. ಸರ್ಕಾರ ತಿರುಗಿ ದೊಡ್ಡ ಇಟ್ಟಿಗೆಗೆ ಜಾಸ್ತಿ ತೆರಿಗೆ ಹಾಕಿತು. ಈ ಜಗ್ಗಾಟ 1850ರವರೆಗೆ ನಡೆಯಿತು. ಗಾಜಿನ ತೆರಿಗೆ ಅದಕ್ಕೂ ಮೊದಲೇ, 1845ರಲ್ಲಿ ಹೋಗಿತ್ತು. ಕಿಟಕಿ ಎಣಿಸಿ ಹಾಕುತ್ತಿದ್ದ ತೆರಿಗೆ 1851ರಲ್ಲಿ ಹೋಯಿತು. ಅಂದರೆ ಮಾರಿಸ್ ಮನೆ ಕಟ್ಟುವ ಹೊತ್ತಿಗೆ ಇಟ್ಟಿಗೆ, ಗಾಜು, ಕಿಟಕಿ ಮೂರರ ಮೇಲಿನ ಭಾರವೂ ಇಳಿದು ಇನ್ನೂ ಹತ್ತು ಹದಿನೈದು ವರ್ಷವೂ ಆಗಿರಲಿಲ್ಲ. ರೆಡ್ ಹೌಸ್ ಬಗ್ಗೆ ಮಾತಾಡುವಾಗ ಎಲ್ಲರೂ ಕಲೆ, ಕವಿತೆ ಅಂತ ಶುರು ಮಾಡುತ್ತಾರೆ. ನನಗೆ ಮಾತ್ರ ಈ ತೆರಿಗೆಯ ಕತೆಯೂ ಅಷ್ಟೇ ಮುಖ್ಯ ಅನ್ನಿಸುತ್ತದೆ. ಬೇಕಾದಷ್ಟು ಇಟ್ಟಿಗೆ ಸುರಿದು, ಬೇಕಾದ ಕಡೆ ಬೇಕಾದ ಅಳತೆಯ ಕಿಟಕಿ ಇಟ್ಟುಕೊಳ್ಳುವ ಸ್ವಾತಂತ್ರ್ಯ ಆಗಷ್ಟೇ ಸಿಕ್ಕಿತ್ತು.

ಮಾರಿಸ್ ಮತ್ತು ವೆಬ್ ಪರಿಚಯವಾದದ್ದು 1856ರಲ್ಲಿ, ಆಕ್ಸ್‌ಫರ್ಡ್‌ನಲ್ಲಿದ್ದ ಜಾರ್ಜ್ ಎಡ್ಮಂಡ್ ಸ್ಟ್ರೀಟ್ ಎಂಬ ವಾಸ್ತುಶಿಲ್ಪಿಯ ಕಚೇರಿಯಲ್ಲಿ. ಮಾರಿಸ್ ಅಲ್ಲಿ ಕೆಲಸ ಕಲಿಯಲು ಸೇರಿದವನು, ವೆಬ್ ಅಲ್ಲಿನ ಹಿರಿಯ ಸಹಾಯಕ. ಮಾರಿಸ್ ಕಟ್ಟಡದ ಕೆಲಸದಲ್ಲಿ ಜಾಸ್ತಿ ದಿನ ನಿಲ್ಲಲಿಲ್ಲ, ಚಿತ್ರ ಬರೆಯುತ್ತೇನೆ ಅಂತ ಬಿಟ್ಟ. ಗೆಳೆತನ ಮಾತ್ರ ಸಾಯುವವರೆಗೂ ಉಳಿಯಿತು. 1858ರ ಬೇಸಿಗೆಯಲ್ಲಿ ಇಬ್ಬರೂ ಇನ್ನೊಬ್ಬ ಗೆಳೆಯನ ಜೊತೆ ಫ್ರಾನ್ಸಿಗೆ ಹೋಗಿ ಸೀನ್ ನದಿಯಲ್ಲಿ ದೋಣಿ ನಡೆಸಿದರು. ಹಳೇ ಚರ್ಚುಗಳನ್ನು ನೋಡುತ್ತಾ ಹೋದ ಆ ಪ್ರಯಾಣದಲ್ಲೇ ಮನೆಯ ಮಾತು ಶುರುವಾಯಿತು.

ಮಾರಿಸ್ ಹತ್ತಿರ ದುಡ್ಡಿತ್ತು. ಅಪ್ಪ ತಾಮ್ರದ ಗಣಿಯ ಷೇರು ಬಿಟ್ಟುಹೋಗಿದ್ದ. ಡೆವನ್ ಸೀಮೆಯ ಆ ಗಣಿಯಿಂದ ವರ್ಷಕ್ಕೆ ಸುಮಾರು 900 ಪೌಂಡ್ ಬರುತ್ತಿತ್ತು. ಮನೆಗೆ ಖರ್ಚಾದದ್ದು ಹತ್ತಿರ ಹತ್ತಿರ 4,000 ಪೌಂಡ್. ಜೇನ್ ಬಂದದ್ದು ತೀರಾ ಬೇರೆ ಕಡೆಯಿಂದ. ಅವಳ ಅಪ್ಪ ಆಕ್ಸ್‌ಫರ್ಡ್‌ನಲ್ಲಿ ಕುದುರೆ ಲಾಯ ನೋಡಿಕೊಳ್ಳುತ್ತಿದ್ದವನು. ಲಾಯದವನ ಮಗಳು ಈ ಇಟ್ಟಿಗೆ ಗೋಡೆಯ ಮನೆಗೆ ಒಡತಿಯಾಗಿ ಬಂದಳು. ಆ ಗೋಡೆಗಳನ್ನು ಮೊದಲ ಸಲ ನೋಡಿದಾಗ ಅವಳಿಗೆ ಏನನ್ನಿಸಿತೋ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಈಗ ಗೋಡೆಯ ಹತ್ತಿರಕ್ಕೇ ಹೋಗೋಣ.

ಮುಂಭಾಗದಲ್ಲಿ ನಿಂತು ಒಂದೇ ಒಂದು ಕಿಟಕಿಯನ್ನು ಸ್ವಲ್ಪ ಹೊತ್ತು ನೋಡಿ. ಮೇಲ್ಗಡೆ ಇಟ್ಟಿಗೆಯ ಚೂಪು ಕಮಾನು ಇದೆ, ಹಳೇ ಚರ್ಚಿನ ಬಾಗಿಲಿಗೆ ಇರುವಂಥದ್ದು. ಕಮಾನಿನ ಕೆಳಗೆ ಗೋಡೆ ಸ್ವಲ್ಪ ಒಳಕ್ಕೆ ಸರಿದಿದೆ. ಆ ಒಳಸರಿದ ಜಾಗಕ್ಕೂ ಇಟ್ಟಿಗೆಯನ್ನೇ ತುಂಬಿ, ಅದರ ಕೆಳಗೆ ಬಿಳೀ ಬಣ್ಣ ಬಳಿದ ಮರದ ಸ್ಯಾಷ್ ಕಿಟಕಿ ಕೂರಿಸಿದ್ದಾರೆ. ಮೇಲಕ್ಕೂ ಕೆಳಕ್ಕೂ ಜಾರಿಸಿ ತೆರೆಯುವ, ಇಂಗ್ಲೆಂಡಿನ ಯಾವ ಬೀದಿಯಲ್ಲೂ ಸಿಗುವ ಕಿಟಕಿ ಅದು. ಕಮಾನಿಗೆ ಇಲ್ಲಿ ನಿಜವಾದ ಕೆಲಸ ಇದೆ. ಮೇಲಿನ ಗೋಡೆಯ ಭಾರ ಕಿಟಕಿಯ ಚೌಕಟ್ಟಿನ ಮೇಲೆ ಬೀಳಬಾರದು. ಕಮಾನು ಆ ಭಾರವನ್ನು ತೆಗೆದುಕೊಂಡು ಎಡಕ್ಕೂ ಬಲಕ್ಕೂ ಹಂಚಿ ಗೋಡೆಗೆ ಇಳಿಸುತ್ತದೆ. ನಮ್ಮಲ್ಲಿ ಕಾಂಕ್ರೀಟ್ ಲಿಂಟಲ್ ಮಾಡುವ ಕೆಲಸವನ್ನು ಅಲ್ಲಿ ಇಟ್ಟಿಗೆಯೇ ಮಾಡುತ್ತಿದೆ. ಇಂಥ ಕಮಾನುಗಳನ್ನು ಮಾಮೂಲಾಗಿ ಗಾರೆಯೊಳಗೆ ಮುಚ್ಚಿಬಿಡುತ್ತಿದ್ದರು. ವೆಬ್ ಅದನ್ನು ಎಲ್ಲರಿಗೂ ಕಾಣುವ ಹಾಗೆ ಬಿಟ್ಟ. ಗೋಡೆ ಹೇಗೆ ನಿಂತಿದೆ ಅಂತ ಗೋಡೆಯೇ ಹೇಳುತ್ತದೆ.

ಚರ್ಚಿನ ಕಮಾನಿನ ಕೆಳಗೆ ಬೀದಿ ಮನೆಯ ಕಿಟಕಿ ಇಟ್ಟದ್ದನ್ನು ನಾನು ತುಂಬ ಮೆಚ್ಚುತ್ತೇನೆ. ಗಾಥಿಕ್ ಅಂದರೆ ಆ ಹಳೇ ಚರ್ಚುಗಳ ಚೂಪು ಕಮಾನಿನ ಶೈಲಿಯ ಹುಚ್ಚು ಹಿಡಿದವರು ಆಗ ಬಹಳ ಜನ ಇದ್ದರು. ಅವರಾಗಿದ್ದರೆ ಕಮಾನಿನ ಆಕಾರಕ್ಕೇ ಚೂಪು ಕಿಟಕಿ ಮಾಡಿಸಿ ಬಣ್ಣದ ಗಾಜು ಹಾಕಿಸುತ್ತಿದ್ದರು. ನೋಡೋಕೆ ಚೆನ್ನ, ತೆರೆಯೋಕೆ ಕಷ್ಟ. ವೆಬ್‌ಗೆ ಗಾಳಿ ಬೇಕಿತ್ತು, ಬೆಳಕು ಬೇಕಿತ್ತು. ಸುಲಭವಾಗಿ ತೆರೆಯುವ ಕಿಟಕಿ ಅಂದರೆ ಸ್ಯಾಷ್. ಅದು ಬೇರೆ ಶೈಲಿಗೆ ಸೇರಿದ್ದು ಎಂಬ ಚಿಂತೆ ಅವನಿಗಿರಲಿಲ್ಲ.

ಕಿಟಕಿಗಳ ಅಳತೆಯೂ ಒಂದರ ಹಾಗೆ ಒಂದಿಲ್ಲ. ಮಾರಿಸ್ ಚಿತ್ರ ಬರೆಯುವ, ನಕ್ಷೆ ಹಾಕುವ ಕೋಣೆ ಮೇಲ್ಮಹಡಿಯಲ್ಲಿತ್ತು. ಅದಕ್ಕೆ ಮೂರು ಕಡೆಯಿಂದ ಬೆಳಕು. ಮೇಲಿನ ಉದ್ದನೆ ಓಡಾಟದ ಜಾಗಕ್ಕೆ ಗುಂಡನೆಯ ಕಿಟಕಿಗಳು. ಮೆಟ್ಟಿಲ ಹತ್ತಿರ ಎತ್ತರದ್ದು. ಒಳಗೆ ಯಾವ ಕೋಣೆಗೆ ಏನು ಬೇಕೋ ಅದನ್ನು ಮೊದಲು ಯೋಚಿಸಿ, ಹೊರಗಿನ ರೂಪ ಅದರಿಂದ ಏನಾಗುತ್ತದೋ ಆಗಲಿ ಅಂತ ಬಿಟ್ಟಿದ್ದಾರೆ. ಅದಕ್ಕಿಂತ ಹಿಂದಿನ ನೂರೈವತ್ತು ವರ್ಷ ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಇದಕ್ಕೆ ತಿರುವುಮುರುವು. ಮಧ್ಯೆ ಬಾಗಿಲು, ಈ ಕಡೆ ಎಷ್ಟು ಕಿಟಕಿಯೋ ಆ ಕಡೆಯೂ ಅಷ್ಟೇ. ಒಳಗೆ ಕತ್ತಲಿದ್ದರೂ ಪರವಾಗಿಲ್ಲ, ಹೊರಗಿನಿಂದ ಜೋಡಿ ತಪ್ಪಬಾರದು. ಕೆಲವು ಕಡೆ ಜೋಡಿಗಾಗಿ ಸುಳ್ಳು ಕಿಟಕಿಯನ್ನೂ ಗೋಡೆಯಲ್ಲಿ ಬಿಡಿಸುತ್ತಿದ್ದರು.

ಮನೆಯ ನಕ್ಷೆ ಇಂಗ್ಲಿಷಿನ 'ಎಲ್' ಅಕ್ಷರದ ಆಕಾರ. ಎರಡು ತೋಳು ಸೇರುವ ಮೂಲೆಯಲ್ಲಿ ಮೆಟ್ಟಿಲು. ಆ ಮೂಲೆಯ ಒಳಗೆ, ತೋಟದ ಕಡೆಗೆ ಒಂದು ಬಾವಿ. ಬಾವಿಗೆ ಮರದ ಕಂಬಗಳ ಮೇಲೆ ಶಂಕುವಿನ ಆಕಾರದ ಹೆಂಚಿನ ಮಾಡು. ರೆಡ್ ಹೌಸಿನ ಫೋಟೋ ಅಂತ ಎಲ್ಲ ಕಡೆ ಬರುವುದು ಈ ಬಾವಿಯದ್ದೇ. ಎರಡು ಕಡೆ ಎತ್ತರದ ಇಟ್ಟಿಗೆ ಗೋಡೆ, ಮಧ್ಯೆ ಬಾವಿಕಟ್ಟೆ. ನಮ್ಮ ತೊಟ್ಟಿಮನೆಯ ಅಂಗಳಕ್ಕೆ ಒಂದೆರಡು ಬದಿ ತೆರೆದಿಟ್ಟರೆ ಹೀಗೇ ಇರುತ್ತದೆ. ಇನ್ನೊಂದು ವಿಷಯ. ಲಂಡನ್ನಿನ ದೊಡ್ಡ ಮನೆಗಳಲ್ಲಿ ಅಡುಗೆಮನೆಯನ್ನು ನೆಲಮಾಳಿಗೆಗೆ ತಳ್ಳುವುದು ವಾಡಿಕೆಯಾಗಿತ್ತು. ಇಲ್ಲಿ ಅದು ನೆಲಮಟ್ಟದಲ್ಲೇ ಇದೆ. ಅಡುಗೆಯವಳಿಗೂ ಹಗಲ ಬೆಳಕು ಸಿಕ್ಕಿತು.

ಹಣ್ಣಿನ ಮರಗಳನ್ನು ಆದಷ್ಟು ಕಡಿಯಬಾರದು ಅಂತ ಮನೆಯನ್ನು ಅವುಗಳ ಮಧ್ಯೆಯೇ ಕೂರಿಸಿದರು. ಸೆಕೆಯ ರಾತ್ರಿಗಳಲ್ಲಿ ಕಿಟಕಿ ತೆರೆದಿಟ್ಟರೆ ಸೇಬು ಹಣ್ಣು ಒಳಗೇ ಬಂದು ಬೀಳುತ್ತಿತ್ತಂತೆ. ಹೂದೋಟವನ್ನು ಬೇಲಿ ಹಾಕಿ ಚೌಕ ಚೌಕವಾಗಿ ಹಂಚಿದ್ದರು. ಬೇಲಿಯ ಮೇಲೆ ಗುಲಾಬಿ ಹಬ್ಬಿತ್ತು. 1862ರಲ್ಲಿ ಮಾರಿಸ್ ಗೋಡೆ ಕಾಗದಕ್ಕೆ ಬರೆದ ಮೊದಲ ವಿನ್ಯಾಸದಲ್ಲಿ ಇರುವುದು ಅದೇ ಬೇಲಿ, ಅದೇ ಗುಲಾಬಿ. ಅದರಲ್ಲಿ ಹಕ್ಕಿಗಳನ್ನು ಬರೆದುಕೊಟ್ಟವನು ವೆಬ್.

ಒಳಗಿನ ಕೆಲಸ ಒಂದು ಹಬ್ಬದ ಹಾಗೆ ನಡೆಯಿತು. ಅಂಗಡಿಯಲ್ಲಿ ಸಿಗುವ ಕುರ್ಚಿ ಮೇಜು ಯಾವುದೂ ಈ ಮನೆಗೆ ಒಗ್ಗಲಿಲ್ಲ. ಹಾಗಾಗಿ ಎಲ್ಲವನ್ನೂ ತಾವೇ ಮಾಡಿಕೊಳ್ಳೋಣ ಅಂತ ಹೊರಟರು. ವೆಬ್ ಮೇಜು, ದೀಪದ ಕಂಬ, ಗಾಜಿನ ಲೋಟಗಳವರೆಗೂ ನಕ್ಷೆ ಬರೆದ. ಚಿತ್ರಕಾರ ಗೆಳೆಯ ಎಡ್ವರ್ಡ್ ಬರ್ನ್-ಜೋನ್ಸ್ ಮೇಲ್ಮಹಡಿಯ ದಿವಾನಖಾನೆಯ ಗೋಡೆ ಮೇಲೆ ಹಳೇ ಕತೆಯೊಂದರ ಮದುವೆ ಊಟದ ದೃಶ್ಯ ಬರೆದ. ಜೇನ್ ಲಂಡನ್ನಿನ ಅಂಗಡಿಯೊಂದರಲ್ಲಿ ನೀಲಿ ಉಣ್ಣೆ ಬಟ್ಟೆ ಹುಡುಕಿ ತಂದಳು. ಮಾರಿಸ್ ಅದರ ಮೇಲೆ ಪುಟ್ಟ ಡೇಸಿ ಹೂವಿನ ಗಿಡಗಳನ್ನು ಬಿಡಿಸಿದ. ಗಂಡ ಹೆಂಡತಿ ಕೂತು ಅದಕ್ಕೆ ಕಸೂತಿ ಹಾಕಿ ಮಲಗುವ ಕೋಣೆಗೆ ತೂಗುಹಾಕಿದರು. ವಾರದ ಕೊನೆಯಲ್ಲಿ ಗೆಳೆಯರು ರೈಲಿನಲ್ಲಿ ಆಬಿ ವುಡ್ ನಿಲ್ದಾಣಕ್ಕೆ ಬರುತ್ತಿದ್ದರು. ಅವರನ್ನು ಕರೆತರಲು ಕುದುರೆಗಾಡಿ ಹೋಗುತ್ತಿತ್ತು. ಬಂದವರ ಕೈಗೆ ಕುಂಚ ಸಿಗುತ್ತಿತ್ತು. ಈ ಗದ್ದಲದಲ್ಲೇ 1861ರಲ್ಲಿ ಗೆಳೆಯರೆಲ್ಲ ಸೇರಿ ಅಲಂಕಾರದ ಕೆಲಸಕ್ಕೆ ಒಂದು ಕಂಪನಿ ತೆರೆದರು. ಇವತ್ತು ದಿಂಬಿನ ಕವರ್, ಪರದೆ, ಚಹಾದ ಮಗ್ ಮೇಲೆಲ್ಲ ಕಾಣುವ ಮಾರಿಸ್ ವಿನ್ಯಾಸಗಳ ಹುಟ್ಟು ಅಲ್ಲಿದೆ.

ಆ ಹೂವಿನ ವಿನ್ಯಾಸಗಳು ನನಗೂ ಇಷ್ಟವೇ. ಆದರೆ ಮೆಟ್ಟಿಲ ಮೇಲಿನ ಚಾವಣಿ ಇನ್ನೂ ಇಷ್ಟ. ಅಲ್ಲಿ ಸರಳವಾದ ಒಂದು ನಮೂನೆ, ಮತ್ತೆ ಮತ್ತೆ ಅದೇ. ಅದನ್ನು ಬಿಡಿಸಿದ ರೀತಿ ನೋಡಬೇಕು. ಗಾರೆ ಹಸಿ ಇರುವಾಗಲೇ ಚುಕ್ಕೆ ಚುಕ್ಕೆಯಾಗಿ ತೂತು ಚುಚ್ಚಿ ನಮೂನೆಯನ್ನು ಗುರುತು ಮಾಡಿಟ್ಟಿದ್ದಾರೆ. ಆಮೇಲೆ ಯಾರು ಬೇಕಾದರೂ ಚುಕ್ಕೆ ಸೇರಿಸಿ ಬಣ್ಣ ತುಂಬಬಹುದು. ಬಣ್ಣ ಮಾಸಿದರೆ ಮತ್ತೆ ಅದೇ ಗುರುತಿನ ಮೇಲೆ ತುಂಬಬಹುದು. ಆ ಚುಕ್ಕೆಗಳು ಇನ್ನೂ ಇವೆ. ಕತ್ತು ನೋಯುವವರೆಗೆ ತಲೆಯೆತ್ತಿ ನೋಡಿದರೆ ಕಾಣುತ್ತವೆ. ಚಿತ್ರಕಲೆ ಕಲಿಯದವರ ಕೈಯೂ ಈ ಮನೆಯಲ್ಲಿ ಕೆಲಸ ಮಾಡಬಹುದು ಎಂಬ ಏರ್ಪಾಡು ಅದು. ಕೆಳಗೆ ಓಕ್ ಮರದ ಮೆಟ್ಟಿಲು. ಮೆಟ್ಟಿಲು ಹತ್ತುವಾಗ ಹಿಡಿಯುವ ಕಟಕಟೆಯ ಮೂಲೆ ಕಂಬಗಳು ಗೋಪುರದ ಹಾಗೆ ಚೂಪಾಗಿ ಮೇಲೆದ್ದಿವೆ. ಮೆಟ್ಟಿಲ ಹಲಗೆಗಳ ಜೋಡಣೆಯನ್ನು ಎಲ್ಲೂ ಮುಚ್ಚಿಲ್ಲ.

ದಿವಾನಖಾನೆಯ ಬೆಂಕಿಗೂಡೂ ಇಟ್ಟಿಗೆಯದ್ದೇ. ಅಮೃತಶಿಲೆ ಹಾಕಿಸುವಷ್ಟು ದುಡ್ಡಿದ್ದವನ ಮನೆಯಲ್ಲಿ ಇಟ್ಟಿಗೆಯ ಬೆಂಕಿಗೂಡು ನೆಲದಿಂದ ಶುರುವಾಗಿ, ಮೇಲೆ ಹೋಗುತ್ತಾ ಕಿರಿದಾಗಿ ಚಾವಣಿ ಮುಟ್ಟುತ್ತದೆ. ಅದರ ಮೇಲೆ ಲ್ಯಾಟಿನ್‌ನಲ್ಲಿ 'ಆರ್ಸ್ ಲಾಂಗಾ ವೀಟಾ ಬ್ರೆವಿಸ್' ಎಂಬ ಬರಹ. ಕಲೆಯ ದಾರಿ ಉದ್ದ, ಆಯಸ್ಸು ಗಿಡ್ಡ ಅಂತ ಅರ್ಥ. ಬರೆಸಿದವನು ಆ ಮನೆಯಲ್ಲಿ ಇದ್ದದ್ದು ಐದೇ ವರ್ಷ.

ಮನೆಯ ತಪ್ಪುಗಳನ್ನೂ ಹೇಳಬೇಕು. ಮುಖ್ಯ ಕೋಣೆಗಳು ಉತ್ತರಕ್ಕೆ ಮುಖ ಮಾಡಿವೆ. ಇಂಗ್ಲೆಂಡಿನಲ್ಲಿ ಸೂರ್ಯ ದಕ್ಷಿಣದಲ್ಲೇ ತಿರುಗುತ್ತಾನೆ. ಚಳಿಗಾಲದಲ್ಲಂತೂ ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳುವುದೇ ಇಲ್ಲ. ಬಿಸಿಲು ಬರುವ ಕಡೆ ಓಡಾಡುವ ಜಾಗಗಳಿವೆ, ಕೂರುವ ಕೋಣೆಗಳು ತಣ್ಣನೆ ಕಡೆ ಇವೆ. ಬೇಸಿಗೆಯ ಕನಸಿನಲ್ಲಿ ಬರೆದ ನಕ್ಷೆ ಅದು. ನಲವತ್ತು ವರ್ಷ ಆಗುವವರೆಗೆ ಯಾವ ವಾಸ್ತುಶಿಲ್ಪಿಗೂ ಮನೆ ಕಟ್ಟಲು ಬಿಡಬಾರದು ಅಂತ ವೆಬ್ ಮುಂದೆ ಹೇಳಿದ್ದನಂತೆ.

ಇನ್ನೊಂದು ಮಾತು. ಇದನ್ನು ಆಧುನಿಕ ಕಾಲದ ಮೊದಲ ಮನೆ ಅಂತ ಹೊಗಳುವುದು ರೂಢಿಯಾಗಿಬಿಟ್ಟಿದೆ. ಜರ್ಮನಿಯ ವಾಸ್ತುಶಿಲ್ಪಿ ಹರ್ಮನ್ ಮುಥೇಸಿಯಸ್ 1904ರಲ್ಲಿ ಇಂಗ್ಲೆಂಡಿನ ಮನೆಗಳ ಬಗ್ಗೆ ಬರೆಯುವಾಗ, ಒಳಗೂ ಹೊರಗೂ ಒಂದೇ ಮನಸ್ಸಿನಿಂದ ರೂಪಿಸಿದ ಮೊದಲ ಮನೆ ಎಂಬ ಅರ್ಥದಲ್ಲಿ ಇದನ್ನು ಎತ್ತಿ ಹಿಡಿದ. ಅಲ್ಲಿಂದ ಆ ಮಾತು ಬೆಳೆಯುತ್ತಾ ಹೋಯಿತು. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ವೆಬ್‌ನ ಗುರು ಸ್ಟ್ರೀಟ್, ಅವನಿಗಿಂತ ಹಿರಿಯನಾದ ವಿಲಿಯಂ ಬಟರ್‌ಫೀಲ್ಡ್, ಇಬ್ಬರೂ ಹಳ್ಳಿ ಪಾದ್ರಿಗಳಿಗೆ ಕಟ್ಟಿಕೊಟ್ಟ ಮನೆಗಳಲ್ಲಿ ಈ ಬರೀ ಇಟ್ಟಿಗೆ, ಕಡಿದಾದ ಮಾಡು, ಬೇಕಾದ ಕಡೆ ಕಿಟಕಿ ಎಲ್ಲವೂ ಆಗಲೇ ಇತ್ತು. ಬಟರ್‌ಫೀಲ್ಡ್ ಲಂಡನ್ನಿನ ಮಾರ್ಗರೆಟ್ ಸ್ಟ್ರೀಟ್‌ನಲ್ಲಿ ಕಟ್ಟಿದ ಆಲ್ ಸೇಂಟ್ಸ್ ಚರ್ಚ್ ಕೂಡ ಇಟ್ಟಿಗೆಯದ್ದು. ಅದು ಪೂಜೆಗೆ ತೆರೆದದ್ದು ಇದೇ 1859ರಲ್ಲಿ. ಪಾದ್ರಿಯ ಬಡ ಮನೆಗೆ ಸಾಕು ಅಂದುಕೊಂಡಿದ್ದ ರೀತಿಯನ್ನು ದುಡ್ಡಿರುವ ಗೆಳೆಯನ ಮನೆಗೆ ತಂದದ್ದು ವೆಬ್‌ನ ಧೈರ್ಯ. ಆ ಧೈರ್ಯಕ್ಕೆ ನಾನು ಕೈ ಮುಗಿಯುತ್ತೇನೆ. ಅದಕ್ಕೆ ಮೊದಲು ಏನೂ ಇರಲಿಲ್ಲ ಅಂದರೆ ಅವನ ಗುರುಗಳಿಗೆ ಅನ್ಯಾಯ.

1864ರಲ್ಲಿ ಎಲ್ಲ ತಿರುಗಿಬಿತ್ತು. ಬರ್ನ್-ಜೋನ್ಸ್ ಕುಟುಂಬವೂ ಇಲ್ಲೇ ಬಂದಿರಲಿ ಅಂತ ಮನೆಗೆ ಇನ್ನಷ್ಟು ಕಟ್ಟಡ ಸೇರಿಸಿ, ಬಾವಿಯ ಅಂಗಳವನ್ನು ಸುತ್ತುವರಿಯುವ ನಕ್ಷೆಯನ್ನು ವೆಬ್ ತಯಾರು ಮಾಡಿದ್ದ. ಅಷ್ಟರಲ್ಲಿ ಬರ್ನ್-ಜೋನ್ಸ್ ಹೆಂಡತಿಗೆ ಜ್ವರ ಬಂತು, ಆಗಷ್ಟೇ ಹುಟ್ಟಿದ ಮಗು ತೀರಿಕೊಂಡಿತು. ಮಾರಿಸ್ ಕೂಡ ಕೀಲುಜ್ವರದಿಂದ ಮಲಗಿದ. ಗಣಿಯ ವರಮಾನ ಇಳಿಯುತ್ತಾ ಬಂತು. ದಿನಾ ಲಂಡನ್ನಿಗೆ ಹೋಗಿ ಬರುವುದು ಕಷ್ಟವಾಯಿತು. 1865ರಲ್ಲಿ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳ ಜೊತೆ ಲಂಡನ್ನಿಗೆ ಹೋದವನು ಮನೆ ಮಾರಿದ. ಇಬ್ಬರು ಮಕ್ಕಳೂ ಹುಟ್ಟಿದ್ದು ಅಲ್ಲೇ. ಮುಂದೆ ಆ ಕಡೆ ತಲೆ ಹಾಕಲಿಲ್ಲ. ನೋಡಿದರೆ ತಡೆದುಕೊಳ್ಳಲಾರೆ ಅನ್ನುತ್ತಿದ್ದನಂತೆ. ಮನೆ ಕಟ್ಟಿ ಬಿಟ್ಟುಬಂದ ನೋವು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ಕತೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ 1877ರದ್ದು. ಆ ವರ್ಷ ಮಾರಿಸ್, ವೆಬ್ ಮತ್ತು ಗೆಳೆಯರು ಹಳೇ ಕಟ್ಟಡಗಳನ್ನು ಕಾಪಾಡಲು ಒಂದು ಸಂಘ ಕಟ್ಟಿದರು. ಆಗ ಇಂಗ್ಲೆಂಡಿನಲ್ಲಿ ಹಳೇ ಚರ್ಚುಗಳ ಜೀರ್ಣೋದ್ಧಾರದ ಭರಾಟೆ. ಶತಮಾನಗಳ ಗಾರೆಯನ್ನು ಕೆರೆದು ಹಾಕಿ, ಒಳಗಿನ ಕಲ್ಲನ್ನು ಬಿಚ್ಚಿ ತೋರಿಸಿ, ಎಲ್ಲವನ್ನೂ ಹೊಸದಾಗಿ ಮಾಡಿಬಿಡುತ್ತಿದ್ದರು. ಇವರು ಕೆರೆಯಬೇಡಿ ಅಂತ ಹಟ ಹಿಡಿದರು. ಮಾರಿಸ್ ತನ್ನ ಸಂಘಕ್ಕೆ ಪ್ರೀತಿಯಿಂದ ಇಟ್ಟ ಅಡ್ಡ ಹೆಸರೇ 'ಆಂಟಿ ಸ್ಕ್ರೇಪ್'. ಗಾರೆ ಬೇಡ ಅಂತ ಮನೆ ಕಟ್ಟಿದವರೇ ಗಾರೆ ಕೆರೆಯಬೇಡಿ ಅಂದರು! ಮೊದಲ ಸಲ ಓದಿದಾಗ ಇದು ಎರಡು ನಾಲಿಗೆಯ ಮಾತಿನ ಹಾಗೆ ಕಾಣುತ್ತದೆ. ನನಗೆ ಎರಡೂ ಒಂದೇ ಮಾತು ಅನ್ನಿಸುತ್ತದೆ. ಹೊಸ ಗೋಡೆ ಕಟ್ಟುವಾಗ ಕೆಲಸವನ್ನು ಮುಚ್ಚಿಡಬೇಡಿ. ಹಳೇ ಗೋಡೆ ಮುಟ್ಟುವಾಗ ಹಿಂದಿನವರ ಕೆಲಸವನ್ನು ಅಳಿಸಬೇಡಿ. ಎರಡರಲ್ಲೂ ಇರುವುದು ಗೋಡೆ ಕಟ್ಟಿದ ಕೈಗಳ ಮೇಲಿನ ಗೌರವ.

ಈ ಮಾತಿನ ಪರೀಕ್ಷೆ ರೆಡ್ ಹೌಸಿನಲ್ಲೇ ನಡೆಯಿತು. ಮಾರಿಸ್ ಹೋದಮೇಲೆ ಮನೆ ಕೈಯಿಂದ ಕೈಗೆ ದಾಟಿತು. ಬಂದವರು ಗೋಡೆಯ ಚಿತ್ರಗಳ ಮೇಲೆ ಬಣ್ಣ ಬಳಿದರು, ಕಾಗದ ಅಂಟಿಸಿದರು, ಬೀರು ಜೋಡಿಸಿದರು. 1952ರಲ್ಲಿ ಟೆಡ್ ಹಾಲಂಬಿ ಎಂಬ ವಾಸ್ತುಶಿಲ್ಪಿ ಕುಟುಂಬ ಸಮೇತ ಇಲ್ಲಿಗೆ ಬಂದರು. ಲಂಡನ್ ಕೌಂಟಿ ಕೌನ್ಸಿಲ್‌ನಲ್ಲಿ ಸಾಧಾರಣ ಜನರಿಗೆ ಮನೆ ಕಟ್ಟುವ ಕೆಲಸದಲ್ಲಿದ್ದವರು, ಮಾರಿಸ್ ವಿಚಾರಗಳನ್ನು ಮನಸಾರೆ ನಂಬಿದವರು. 1999ರಲ್ಲಿ ತೀರಿಕೊಳ್ಳುವವರೆಗೂ ಅವರು ಅಲ್ಲೇ ಇದ್ದರು. ಮನೆಯನ್ನು ರಿಪೇರಿ ಮಾಡಿಸಿದರು, ನೋಡಲು ಬಂದವರನ್ನು ಒಳಗೆ ಕರೆದು ತೋರಿಸಿದರು. ಈ ಮನೆ ಉಳಿದಿದ್ದರೆ ಆ ಕುಟುಂಬದ ಪಾಲು ದೊಡ್ಡದು. 2003ರಲ್ಲಿ ಹಳೇ ಮನೆ, ತೋಟಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಅದನ್ನು ಕೊಂಡಿತು.

ಆಮೇಲೆ ಒಂದು ಮಲಗುವ ಕೋಣೆಯ ಬೀರುವಿನ ಹಿಂದೆ, ಬಣ್ಣದ ಪದರಗಳ ಅಡಿಯಲ್ಲಿ ಒಂದು ದೊಡ್ಡ ಚಿತ್ರ ಸಿಕ್ಕಿತು. 2013ರಲ್ಲಿ ಅದು ಸುದ್ದಿಯಾಯಿತು. ಬೈಬಲ್‌ನ ಆಡಮ್, ಈವ್, ನೋವ, ಏಣಿ ಹಿಡಿದ ಯಾಕೋಬ ಎಲ್ಲ ಒಂದು ಪರದೆಯ ಮೇಲೆ ನಿಂತ ಹಾಗೆ ಬರೆದಿದ್ದಾರೆ. ಬಟ್ಟೆಯ ಮಡಿಕೆಗಳನ್ನೂ ಬಣ್ಣದಲ್ಲೇ ತೋರಿಸಿದ್ದಾರೆ. ಒಬ್ಬರ ಕೈಯದ್ದಲ್ಲ, ಮಾರಿಸ್ ಮತ್ತು ಆ ಗೆಳೆಯರ ಬಳಗ ಸೇರಿ ಮಾಡಿದ್ದು ಅಂತ ತಜ್ಞರ ಅಭಿಪ್ರಾಯ. ಮೇಲಿನ ಪದರ ತೆಗೆಯಬೇಕೋ ಬೇಡವೋ ಎಂಬ ಪ್ರಶ್ನೆ ಬಂದೇ ಬರುತ್ತದೆ ಅಲ್ವಾ? ಚಿತ್ರ ಬೇಕು ಅಂದರೆ ಮೇಲಿನ ಬಣ್ಣ ಹೋಗಬೇಕು. ಆ ಬಣ್ಣ ಬಳಿದವರೂ ಆ ಮನೆಯಲ್ಲಿ ಬಾಳಿದವರೇ. ನನ್ನ ಮನಸ್ಸು ಚಿತ್ರದ ಕಡೆಗೇ ವಾಲುತ್ತದೆ. ಆದರೆ ನಿಧಾನವಾಗಿ, ಒಂದೊಂದು ಅಂಗುಲವನ್ನೂ ಬರೆದಿಟ್ಟುಕೊಂಡು ತೆಗೆಯಬೇಕು ಎಂಬ ಶಿಸ್ತು ಇದೆಯಲ್ಲ, ಅದು ಕೆರೆಯಬೇಡಿ ಅಂದವರು ಕಲಿಸಿದ್ದು.

ಬೆಂಗಳೂರಿನಲ್ಲಿ ಈಗ ಇಟ್ಟಿಗೆ ಕಾಣುವ ಮನೆಗಳಿಗೆ ಒಳ್ಳೆ ಬೇಡಿಕೆ ಇದೆ. ಅದಕ್ಕೆ ದೊಡ್ಡ ಕಾರಣ ವಾಸ್ತುಶಿಲ್ಪಿ ಲಾರಿ ಬೇಕರ್. ಅವರು ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ, ಬಾಳಿ ಕಟ್ಟಿದ್ದು ಕೇರಳದಲ್ಲಿ. ಕಡಿಮೆ ಖರ್ಚಿಗೆ, ಗಿಲಾವಿಲ್ಲದೆ, ನಡುವೆ ಟೊಳ್ಳು ಬಿಟ್ಟು ಕಟ್ಟುವ ರ‍್ಯಾಟ್ ಟ್ರ್ಯಾಪ್ ಬಾಂಡ್ ಗೋಡೆಯನ್ನು ಅವರು ನಮ್ಮ ಕಡೆ ಬಳಕೆಗೆ ತಂದರು. ಅದನ್ನು ಸರಿಯಾಗಿ ಕಟ್ಟುವ ಮೇಸ್ತ್ರಿಯ ಪಕ್ಕ ನಿಂತು ನೋಡಬೇಕು. ಗಿಲಾವು ಬರುತ್ತದೆ ಅಂತ ಗೊತ್ತಿದ್ದರೆ ವರಸೆ ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ, ಸಂದಿನಲ್ಲಿ ಸಿಮೆಂಟು ಉಕ್ಕಿದರೂ ಯಾರೂ ಕೇಳುವುದಿಲ್ಲ. ಗಿಲಾವು ಇಲ್ಲ ಅಂದರೆ ಪ್ರತಿ ಇಟ್ಟಿಗೆಯನ್ನೂ ಆರಿಸಬೇಕು. ಮೂಲೆ ಮುರಿದದ್ದನ್ನು ಪಕ್ಕಕ್ಕಿಡಬೇಕು. ದಾರ ಕಟ್ಟಿ, ಮಟ್ಟ ನೋಡಿ, ತೂಕದ ಗುಂಡು ಇಳಿಬಿಟ್ಟು, ಸಂದನ್ನು ಒಂದೇ ದಪ್ಪಕ್ಕೆ ತರಬೇಕು. ಕೆಲಸ ನಿಧಾನ, ಕೂಲಿ ಜಾಸ್ತಿ. ಇನ್ನು ಕೆಲವು ಕಡೆ ಕಾಂಕ್ರೀಟ್ ಕಂಬ, ಬ್ಲಾಕ್ ಗೋಡೆ ಎಲ್ಲ ಕಟ್ಟಿ ಮುಗಿಸಿ ಮೇಲೆ ಇಟ್ಟಿಗೆಯ ಹಾಗೆ ಕಾಣುವ ತೆಳು ಟೈಲ್ಸ್ ಅಂಟಿಸುತ್ತಾರೆ. ಅಂದು ನ್ಯಾಶ್ ಇಟ್ಟಿಗೆಗೆ ಕಲ್ಲಿನ ವೇಷ ಹಾಕಿದ. ಇಂದು ನಾವು ಕಾಂಕ್ರೀಟಿಗೆ ಇಟ್ಟಿಗೆಯ ವೇಷ ಹಾಕುತ್ತಿದ್ದೇವೆ. ಅದು ನನಗೆ ಬೇಸರದ ವಿಷಯ.

ರೆಡ್ ಹೌಸಿನ ಮಾಡಿನ ಮೇಲೆ ಗಾಳಿಯ ದಿಕ್ಕು ತೋರಿಸುವ ಲೋಹದ ತಗಡಿದೆ. ಅದರ ಮೇಲೆ ಮಾರಿಸ್ ಹೆಸರಿನ ಮೊದಲಕ್ಷರಗಳಿವೆ, 1859 ಅಂತ ಇಸವಿ ಇದೆ. ಆ ಕಮಾನುಗಳನ್ನು ಕಟ್ಟಿದ ಗಾರೆ ಕೆಲಸದವರ ಹೆಸರು ಗೋಡೆಯ ಮೇಲೆ ಎಲ್ಲೂ ಇಲ್ಲ. ಅವರ ಕೆಲಸ ಮಾತ್ರ ಪೂರ್ತಿ ಕಣ್ಣ ಮುಂದಿದೆ. ಲಂಡನ್ನಿಗೆ ಹೋಗುವವರು ಅರ್ಧ ದಿನ ಇದಕ್ಕೆ ಇಡಿ. ಮಧ್ಯ ಲಂಡನ್ನಿನಿಂದ ಬೆಕ್ಸ್ಲಿಹೀತ್‌ಗೆ ರೈಲಿದೆ, ಅಲ್ಲಿಂದ ನಡೆದೇ ಹೋಗಬಹುದು. ಹೋದ ಕೂಡಲೇ ಗೋಡೆ ಕಾಗದ, ಚಿತ್ರ ಅಂತ ಒಳಗೆ ನುಗ್ಗಬೇಡಿ. ಮೊದಲು ಹೊರಗೆ ಒಂದು ಸುತ್ತು ಬನ್ನಿ. ಒಂದು ಕಿಟಕಿ ಹಿಡಿದು ಅದರ ಕಮಾನಿನ ಇಟ್ಟಿಗೆಗಳು ಎಲ್ಲಿ ಓರೆಯಾಗಲು ಶುರುವಾಗುತ್ತವೆ, ತುದಿಯಲ್ಲಿ ಹೇಗೆ ಒಂದಕ್ಕೊಂದು ಕೂಡುತ್ತವೆ ಅಂತ ನೋಡಿ. ಮನೆಯಲ್ಲಿ ಯಾರಾದರೂ ಮೇಸ್ತ್ರಿ ಇದ್ದರೆ ಫೋಟೋ ತೆಗೆದು ಅವರಿಗೆ ಕಳಿಸಿ. ನನಗಿಂತ ಚೆನ್ನಾಗಿ ಅವರು ಓದುತ್ತಾರೆ.